ಮ್ಕುಯು ಬೀದಿಯ ಇಪ್ಪತ್ತೇಳು ಬೋರ್ಡುಗಳು

ಮ್ಕುಯು ಬೀದಿ
9 ಏಪ್ರಿಲ್ 2008

ಮಾನ್ಯ ಚೇರ್‌ಲೇಡಿ ವಾಮುಯು ಅವರಿಗೆ,

ಬೋರ್ಡು ಬರೆಯುವ ಓಯೂಗಿ ಮಾಡುವ ನಮಸ್ಕಾರ. ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಟ್ಟಿರಿ. ಕಾಗದವಾದರೆ ಹರಿದುಹಾಕುವ ಮುಂಚೆ ಒಂದು ಸಾಲಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ ಎಂದು ಬರೆಯುತ್ತಿದ್ದೇನೆ. ನ್ಯೇರಿ ಬಸ್ಸಿನ ಕಂಡಕ್ಟರ್ ತಂದು ಕೊಡುತ್ತಾನೆ. ಅಕ್ಷರ ಚೆನ್ನಾಗಿಲ್ಲ, ಮನ್ನಿಸಿ.

ವಿಷಯ ಇಷ್ಟೇ. ಸಂಘದ ಸೀಲು ನಿಮ್ಮ ಹತ್ತಿರ ಇದೆ. ಅದು ಬೇಕು.

ಊರು ಸುಟ್ಟುಹೋದ ಮೇಲೆ ಇವನಿಗೆ ಸೀಲಿನ ಚಿಂತೆ ಎಂದು ಬೈಯಬೇಡಿ. ಪುರಸಭೆಯವರು ನಮ್ಮ ಬೀದಿಯ ಅತ್ತಿಮರಕ್ಕೆ ನೋಟೀಸು ಹೊಡೆದು ಹೋಗಿದ್ದಾರೆ. ಮ್ಕುಯು ಬೀದಿ ವರ್ತಕರ ಸಂಘ ಜುಲೈ ಮುಗಿಯುವುದರೊಳಗೆ 'ನಾವು ವಾಪಸು ಬಂದಿದ್ದೇವೆ, ಅಂಗಡಿ ನಡೆಸುತ್ತಿದ್ದೇವೆ' ಎಂದು ಅಧ್ಯಕ್ಷರಾದ ನಿಮ್ಮ ರುಜು ಮತ್ತು ಸೀಲಿನೊಂದಿಗೆ ಬರೆದುಕೊಡಬೇಕು. ಕೊಡದಿದ್ದರೆ ಇಡೀ ಬೀದಿ ಲಾರಿ ನಿಲ್ಲಿಸುವ ಜಾಗವಾಗುತ್ತದೆ. ನೀವು ಹದಿನೆಂಟು ವರ್ಷ ಹೋಟೆಲು ನಡೆಸಿದ ಜಾಗದಲ್ಲಿ ಯಾವನೋ ಡ್ರೈವರು ಉಚ್ಚೆ ಹೊಯ್ಯುತ್ತಾನೆ.

ಇಪ್ಪತ್ತೇಳು ಅಂಗಡಿಯವರಲ್ಲಿ ಹನ್ನೊಂದು ಜನ ಬಂದಿದ್ದೇವೆ. ನಿಮ್ಮ ಕಿಕುಯು ಕುಲದವರು ನಾಲ್ವರು, ನಮ್ಮ ಲೂವೋ ಕುಲದವರು ಮೂವರು, ಉಳಿದವರು ನಮ್ಮಿಬ್ಬರ ಜಗಳದ ನಡುವೆ ಸಿಕ್ಕಿ ಒದೆ ತಿಂದವರು. ಸುಟ್ಟ ತಗಡುಗಳನ್ನು ಎತ್ತುವಾಗ ಸಂಘ ಒಂದು ನಿಯಮ ಮಾಡಿದೆ. ಒಬ್ಬನೇ ಎತ್ತಬಾರದು. ನಿಮ್ಮವನೊಬ್ಬ, ನಮ್ಮವನೊಬ್ಬ, ಒಟ್ಟಿಗೆ ಎತ್ತಬೇಕು. ಕೆಳಗೆ ಏನು ಸಿಕ್ಕರೂ ಇಬ್ಬರೂ ಸಾಕ್ಷಿ. ಮೊದಲ ವಾರ ಸಿಕ್ಕಿದ್ದನ್ನು ಬರೆಯುವುದಿಲ್ಲ. ಎಲ್ಲವನ್ನೂ ಗೋಣಿಚೀಲದಲ್ಲಿ ಹಾಕಿ ಪಾದ್ರಿಗೆ ಕೊಟ್ಟೆವು.

ಇನ್ನೊಂದು ನಿಯಮವೂ ಇದೆ. ಹೊರಗಿನ ಗಿರಾಕಿ ಹೆದರಿ ಈ ಕಡೆ ಬರುತ್ತಿಲ್ಲ. ಅದಕ್ಕೆ ದಿನಕ್ಕೊಂದು ಅಂಗಡಿಯ ಸರದಿ. ಆ ದಿನ ಸಂಘದವರೆಲ್ಲ ಅಲ್ಲೇ ಕೊಳ್ಳಬೇಕು. ಮಂಗಳವಾರ ಕರಾಂಜಾನ ಕ್ಷೌರದಂಗಡಿಯ ಸರದಿ ಇತ್ತು. ಎಲ್ಲರೂ ತಲೆ ಬೋಳಿಸಿಕೊಂಡೆವು. ಹುಟ್ಟಾ ಬೊಕ್ಕತಲೆಯ ಸೈಕಲ್ ರಿಪೇರಿಯ ವಾಫುಲಾ ಕೂಡ ಕುರ್ಚಿಯಲ್ಲಿ ಕೂತು, "ಬದಿಯಲ್ಲಿ ಸ್ವಲ್ಪ ಬಿಡಪ್ಪಾ" ಎಂದ. ಡಿಸೆಂಬರಿನಿಂದ ಈಚೆಗೆ ನಾವು ನಕ್ಕದ್ದು ಅದೇ ಮೊದಲು.

ನಿಮ್ಮ ತಮ್ಮ ಮಥೆಂಗೆಯ ಬಗ್ಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಅದಕ್ಕೆ ಬರೆದಿಲ್ಲ.

ನಿಮ್ಮ ವಿಧೇಯ,
ಝಕಾಯೋ ಓಯೂಗಿ


ಓಥಾಯಾ
28 ಏಪ್ರಿಲ್ 2008

ಓಯೂಗಿ,

ಮಾನ್ಯ ಅಂತೆ, ವಿಧೇಯ ಅಂತೆ. ನನ್ನ ಹೋಟೆಲಿನಲ್ಲಿ ಹದಿನೆಂಟು ವರ್ಷ ಕರಿದ ಮಂದಾಜಿ ತಿಂದು ಎಣ್ಣೆ ಕೈಯನ್ನು ನನ್ನ ಪರದೆಗೇ ಒರೆಸಿದವನು ನೀನು. ಆಗ ಈ ಮಾನ್ಯ ಎಲ್ಲಿತ್ತು?

ನಿನ್ನ ಕಾಗದ ಹರಿಯಲಿಲ್ಲ. ಹರಿದಿದ್ದರೆ ಉತ್ತರ ಬರೆಯಲು ಆಗುತ್ತಿರಲಿಲ್ಲ, ಉತ್ತರ ಬರೆಯದೆ ನನಗೆ ನಿದ್ದೆ ಬರುವುದಿಲ್ಲ.

ಬೋರ್ಡಿನ ಹುಚ್ಚು ನನ್ನದು, ಒಪ್ಪುತ್ತೇನೆ. "ಬೀದಿ ಉದ್ಧಾರ ಆಗ್ಬೇಕು ಅಂದ್ರೆ ಮುಖ ತೊಳ್ಕೊಂಡಿರ್ಬೇಕು. ಹೆಸರು ಮುಚ್ಚಿಟ್ಟೋನ ಹತ್ರ ಯಾರು ಕೊಳ್ತಾರೆ?" ಎಂದು ಸಭೆಯಲ್ಲಿ ಕೂಗಿದವಳು ನಾನೇ. ಇಪ್ಪತ್ತೇಳು ಅಂಗಡಿಗೂ ನೀಲಿ ತಗಡು, ಬಿಳಿ ಅಕ್ಷರ, ಮಾಲೀಕನ ಪೂರ್ತಿ ಹೆಸರು. ನೀನು ಎರಡು ತಿಂಗಳು ಏಣಿ ಮೇಲೆಯೇ ಇದ್ದೆ. ಎಷ್ಟು ಚೆಂದ ಕಂಡಿತು ಬೀದಿ! ಪಕ್ಕದ ಬಡಾವಣೆಯವರು ನೋಡಲು ಬಂದರು, ನೋಡಲು ಬಂದವರು ಟೀ ಕುಡಿದರು. ನಮ್ಮ ದೇಶದಲ್ಲಿ ಹೆಸರು ಓದಿದರೆ ಕುಲ ಗೊತ್ತಾಗುತ್ತದೆ ಎಂದು ನಾವಿಬ್ಬರೂ ಮರೆತಿದ್ದೆವು. ಸುಖ ಬಂದಾಗ ಮನುಷ್ಯ ಮರೆಯುವುದು ಇಂಥದ್ದನ್ನೇ.

ನಮ್ಮ ಕುಲದವನೇ ಗೆದ್ದ ಎಂಬ ಚುನಾವಣೆಯ ಫಲಿತಾಂಶದ ಮರುದಿನ, ಡಿಸೆಂಬರ್ ಮೂವತ್ತೊಂದು, ಬೆಳಗ್ಗೆ ಹತ್ತು ಗಂಟೆಗೆ ನಿಮ್ಮವರು ಬೀದಿಯ ತುದಿಯಲ್ಲಿ ಕಾಣಿಸಿದರು. ಮೇಷ್ಟ್ರು ಹಾಜರಿ ಕೂಗುವ ಹಾಗೆ ಒಂದೊಂದೇ ಬೋರ್ಡು ಓದಿದರು. "ಕರಾಂಜಾ!" ಕರಾಂಜಾನನ್ನು ಅವನದೇ ಕ್ಷೌರದ ಕುರ್ಚಿಯಲ್ಲಿ ಕೂರಿಸಿ ಕಿವಿ ಕೊಯ್ದರು. ಕಿವಿಯನ್ನು ಅವನ ಕನ್ನಡಿಗೆ ಎಸೆದರು. ಮುಂದಿನ ಬೋರ್ಡು. ಮುಂದಿನದು. ನಾನು ನಿನ್ನ ಕಾಲು ಹಿಡಿದೆ. ನೀನು ಏಣಿ ತಂದು, ನನ್ನ ಬೋರ್ಡು ಬಿಚ್ಚಿ, ಅದರ ಬೋಳು ಹಿಂಬದಿಯಲ್ಲಿ ಒಂದು ಲೂವೋ ಹೆಸರು ಬರೆದು, ತಿರುಗಿಸಿ ಬಿಗಿದೆ. 'ಅಡೋಯೋ.' ಬಣ್ಣ ಹಸಿಯಾಗಿಯೇ ಇತ್ತು. ಒಬ್ಬ ಕೆಳಗೆ ನಿಂತು ಓದಿದ. ಮುಂದಕ್ಕೆ ಹೋದ. ಬಾಗಿಲ ಹಿಂದೆ ನಾನು ಮೊಮ್ಮಗಳ ಬಾಯಿ ಒತ್ತಿ ಹಿಡಿದು ಕೂತಿದ್ದೆ, ಮಥೆಂಗೆ ರೊಟ್ಟಿ ಮಗುಚುವ ಸೌಟು ಹಿಡಿದು ನಿಂತಿದ್ದ. ಆ ದಿನ ನೀನು ನಮ್ಮ ಜೀವ ಉಳಿಸಿದೆ. ಅದನ್ನೂ ಒಪ್ಪುತ್ತೇನೆ.

ಮರುದಿನ ನಾನು ಮೊಮ್ಮಗಳನ್ನು ಕಟ್ಟಿಕೊಂಡು ಲಾರಿ ಹತ್ತಿದೆ. ಮಥೆಂಗೆ ಪಾತ್ರೆ, ಒಲೆ, ಹಿಟ್ಟು ಕಾಯುತ್ತೇನೆ ಎಂದು ಉಳಿದ. "ಬೋರ್ಡಿದೆಯಲ್ಲಕ್ಕಾ, ಇನ್ನೇನು ಭಯ" ಎಂದ.

ಜನವರಿ ಇಪ್ಪತ್ತೇಳಕ್ಕೆ ಅದೇ ಬೋರ್ಡಿನ ಕೆಳಗೆ ಅವನು ಸುಟ್ಟುಹೋದ. ಶವಾಗಾರದಲ್ಲಿ ಮುಂದಿನ ಹಲ್ಲುಗಳ ಸಂದು ನೋಡಿ ಗುರುತು ಹಿಡಿದೆ. ಉಳಿದದ್ದರಲ್ಲಿ ಗುರುತು ಹಿಡಿಯುವಂಥದ್ದು ಏನೂ ಇರಲಿಲ್ಲ.

ಈಗ ನೀನೇ ಲೆಕ್ಕ ಹಾಕು. ಲೂವೋ ಹೆಸರಿದ್ದ ಅಂಗಡಿಯನ್ನು ಲೂವೋಗಳು ಯಾಕೆ ಸುಡಬೇಕು? ಯಾರೋ ಬಾಯಿ ಬಿಟ್ಟಿದ್ದಾರೆ. ಆ ಹೆಸರಿನ ಹಿಂದೆ ಯಾರಿದ್ದಾರೆ ಎಂದು ಗೊತ್ತಿದ್ದದ್ದು ಮೂವರಿಗೆ. ಒಬ್ಬ ಸತ್ತ. ಒಬ್ಬಳು ಇಲ್ಲಿದ್ದಾಳೆ. ಉಳಿದವನು ಸೀಲು ಕೇಳುತ್ತಿದ್ದಾನೆ.

ಅವನನ್ನು ಸುಟ್ಟವರನ್ನು ನೀನು ನೋಡಿದ್ದೀಯ. ಹೆಸರು ಬರೆದು ಕಳಿಸು. ಆಮೇಲೆ ಸೀಲು.

ವಾಮುಯು ಗಿಥಾಯಿಗಾ


ಮ್ಕುಯು ಬೀದಿ
15 ಮೇ 2008

ಚೇರ್‌ಲೇಡಿ,

ನಾನು ಬಾಯಿ ಬಿಟ್ಟಿಲ್ಲ. ನನ್ನ ತಾಯಿಯಾಣೆ. ಇದಕ್ಕಿಂತ ಹೆಚ್ಚು ಕೇಳಬೇಡಿ. ಹೆಸರು ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಬರೆಯುತ್ತಿರಲಿಲ್ಲ. ಈ ಕೈ ಹೆಸರು ಬರೆದದ್ದು ಸಾಕು.

ಬೀದಿಯ ಸುದ್ದಿ ಬರೆಯುತ್ತೇನೆ. ಹೋದ ಶನಿವಾರ ಹದಿನಾಲ್ಕನೆಯ ಅಂಗಡಿ ತೆರೆಯಿತು. ಡೋಲು ತಂದಿದ್ದೆವು. ಡೋಲಿನ ಸದ್ದಿಗೆ ಗಿರಾಕಿ ಬರಬೇಕಿತ್ತು, ಕಲ್ಲು ಬಂತು. ಮೇಲಿನ ಬಡಾವಣೆಯ ಇಪ್ಪತ್ತು ಮೂವತ್ತು ಗಂಡಸರು. ನಿಮ್ಮವರೋ ನಮ್ಮವರೋ ನಾನು ಕೇಳಲಿಲ್ಲ, ಕಲ್ಲಿಗೆ ಕುಲ ಕೇಳುವ ವ್ಯವಧಾನ ಇರಲಿಲ್ಲ. ವಾಫುಲಾನ ಬೊಕ್ಕತಲೆ ಒಡೆದು ಏಳು ಹೊಲಿಗೆ ಬಿತ್ತು. ಡೋಲು ಹರಿಯಿತು. ಒಬ್ಬ ಬೆಂಕಿಪೊಟ್ಟಣ ತೆಗೆದ. ಆಗ ಕರಾಂಜಾ ಕ್ಷೌರದ ಕತ್ತಿ ಹಿಡಿದು ಬೀದಿ ನಡುವೆ ನಿಂತು, ಕೊಯ್ದ ಕಿವಿಯ ಬದಿಯನ್ನು ತಿರುಗಿಸಿ ತೋರಿಸಿ, "ಇನ್ನೊಂದೈತೆ, ಬರ್ರಿ! ಯಾರಿಗೆ ಬೇಕು?" ಎಂದು ಕೂಗಿದ. ನಾವೆಲ್ಲ ಅವನ ಹಿಂದೆ ನಿಂತೆವು. ನನ್ನ ಕೈಯಲ್ಲಿ ಏಣಿಯ ಮೆಟ್ಟಿಲೊಂದು ಇತ್ತು. ಹೋದರು.

ಮರುದಿನದ ಸರದಿ ಯಾರದೋ ಇತ್ತು. ಅದನ್ನು ಬದಲಾಯಿಸಿ ವಾಫುಲಾನಿಗೆ ಕೊಟ್ಟೆವು. ಸೈಕಲ್ ಇಲ್ಲದವರೂ ಎಲ್ಲಿಂದಲೋ ಸೈಕಲ್ ತಂದು ಪಂಕ್ಚರ್ ಹಾಕಿಸಿದರು. ದರ್ಜಿ ಮೊರಾ ಅಂತೂ ಮೊಳೆ ಚುಚ್ಚಿಯೇ ತಂದಿದ್ದಳು. ನೀವು ಕಟ್ಟಿದ ಸಂಘ ಚೇರ್‌ಲೇಡಿ ಇದು, ಸತ್ತಿಲ್ಲ.

ಸಭೆಯಲ್ಲಿ ಇನ್ನೊಂದು ತೀರ್ಮಾನವಾಗಿದೆ. ಇನ್ನು ಬೋರ್ಡಿನ ಮೇಲೆ ಹೆಸರು ಬೇಡ, ಚಿತ್ರ ಮಾತ್ರ. ಚಪ್ಪಲಿಯಂಗಡಿಗೆ ಚಪ್ಪಲಿ, ಕ್ಷೌರಕ್ಕೆ ಬಾಚಣಿಗೆ. ನಾನು ಬರೆದ ಬಾಚಣಿಗೆ ನೋಡಿ ಜನ ಏಣಿ ಎನ್ನುತ್ತಿದ್ದಾರೆ.

ಬಸ್ ನಿಲ್ದಾಣದ ಹತ್ತಿರ ಸೀಲು ಕೆತ್ತುವವನು ಕೂತಿರುತ್ತಾನೆ. ಒಂದು ಟೀ ಕುಡಿದು ಮುಗಿಸುವಷ್ಟರಲ್ಲಿ ನಮ್ಮ ಸಂಘದ ಸೀಲು ಮಾಡಿಕೊಡುತ್ತೇನೆ ಎಂದ. ಬೇಡ ಎಂದು ಬಂದೆ. ಸುಳ್ಳು ಅಕ್ಷರದ ಫಲ ಒಮ್ಮೆ ನೋಡಿದ್ದೇನೆ.

ಓಯೂಗಿ


ಓಥಾಯಾ
2 ಜೂನ್ 2008

ಓಯೂಗಿ,

ಅಕ್ಷರ ನೋಡು ನಿನ್ನದು! ಕೋಳಿ ಕೆದರಿದ ಹಾಗೆ. ಬೀದಿಗೇ ಹೆಸರು ತಂದ ಕೈ ಅದು. ಕುಡಿದು ಬರೆಯುತ್ತೀಯಾ? ಕುಡಿಯದೆ ನನಗೆ ಕಾಗದ ಬರೆಯುವ ಮುಖ ನಿನಗಿಲ್ಲವಾ?

ವಾಫುಲಾನ ತಲೆಗೆ ಏಳು ಹೊಲಿಗೆ ಎಂದು ಬರೆದಿದ್ದೀಯ. ಅಯ್ಯೋ ಅನ್ನಿಸಿತು. ನನ್ನ ತಮ್ಮನಿಗೆ ಹೊಲಿಯಲು ಚರ್ಮವೇ ಉಳಿದಿರಲಿಲ್ಲ.

ಕೇಳು. ಸತ್ತ ನನ್ನ ಅಣ್ಣನಿಗೆ ಮೀಸೆ ಬಂದ ಮಕ್ಕಳಿಬ್ಬರಿದ್ದಾರೆ. ದೊಡ್ಡವನು ಗಿಚೂಕಿ. ಅವನು ನಮ್ಮ ಬೀದಿ ಕಂಡವನಲ್ಲ, ಆದರೆ ಮಚ್ಚು ಅವನಿಗೆ ಹೊಸದೂ ಅಲ್ಲ. ಜನವರಿಯಲ್ಲಿ 'ನಮ್ಮವರನ್ನು ಕಾಪಾಡಬೇಕು' ಎಂದು ಇಲ್ಲಿಂದ ಹೊರಟ ಲಾರಿ ಹತ್ತಿದವರಲ್ಲಿ ಅವನೂ ಒಬ್ಬ. ನಾಲ್ಕು ದಿನ ಬಿಟ್ಟು ಬಂದ, ಬಂದವನು ಒಂದು ವಾರ ಯಾರೊಡನೆಯೂ ಮಾತಾಡಲಿಲ್ಲ. ಚಿಕ್ಕಪ್ಪನ ಹೆಣ ಹೊತ್ತವನೂ ಅವನೇ. ದಿನಾ ಬೆಳಗ್ಗೆ ಅಂಗಳದ ಕಲ್ಲಿಗೆ ಮಚ್ಚು ಮಸೆಯುತ್ತಾನೆ. ಆ ಸದ್ದಿಗೆ ನಾನು ಏಳುತ್ತೇನೆ.

ನಿನ್ನೆ ನಿನ್ನ ಹೆಸರು ಅವನಿಗೆ ಹೇಳಿದೆ. ಮ್ಕುಯು ಬೀದಿ, ಅತ್ತಿಮರದ ಎಡಕ್ಕೆ ಮೂರನೆಯದು, ಹೊರಗೆ ಏಣಿ ಒರಗಿಸಿರುತ್ತದೆ ಎಂದು ಹೇಳಿದೆ. ಇಪ್ಪತ್ತನೆಯ ತಾರೀಖು ಹೊರಡುತ್ತಾರೆ. ಅಷ್ಟರೊಳಗೆ ನಿನ್ನ ಕಾಗದ ಬಂದರೆ ಆ ಕಾಗದದಲ್ಲಿರುವವರ ಹತ್ತಿರ ಹೋಗುತ್ತಾರೆ. ಬರದಿದ್ದರೆ ನಿನ್ನ ಹತ್ತಿರ.

ನಾನು ಕೆಟ್ಟವಳಾಗಿದ್ದೇನೆ. ನನಗೆ ಗೊತ್ತು. ಆಗದೆ ಇರುವುದು ಹೇಗೆ ಎಂದು ನಿನಗೆ ಗೊತ್ತಿದ್ದರೆ ಬರೆ.

ವಾಮುಯು


ಮ್ಕುಯು ಬೀದಿ
9 ಜೂನ್ 2008

ಚೇರ್‌ಲೇಡಿಗೆ ಎದುರಂಗಡಿ ದರ್ಜಿ ಮೊರಾ ಮಾಡುವ ನಮಸ್ಕಾರ.

ನಿಮ್ಮ ಕಾಗದ ಓಯೂಗಿಗೆ ಓದಿ ಹೇಳಿದ್ದು ನಾನು. ಅವನ ಕನ್ನಡಕ ಒಡೆದಿದೆ. ಓದಿ ಮುಗಿಸಿ ಕಾಗದ ಮಡಚಿ, "ಓಡಿ ಹೋಗೋ ಮಾರಾಯಾ" ಎಂದೆ. "ಎಲ್ಲಿಗೆ? ಗುರುವಾರ ನನ್ನ ಸರದಿ ಐತೆ" ಎಂದ. ಅಂಥ ಹುಚ್ಚ ಅವನು.

ಕುಡಿದು ಬರೆಯುತ್ತಾನಾ ಎಂದು ಕೇಳಿದ್ದೀರಿ. ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದ. ನಾನು ಕಿಸೀ ಕುಲದ ಹೆಂಗಸು, ನಿಮ್ಮ ಕಡೆಯೂ ಅಲ್ಲ, ಅವನ ಕಡೆಯೂ ಅಲ್ಲ. ಆಣೆ ಮುರಿದರೆ ಪಾಪ ನನಗೇ ಇರಲಿ. ಚೇರ್‌ಲೇಡಿ, ಅವನ ಬಲಗೈಯಲ್ಲಿ ಈಗ ಎರಡೇ ಬೆರಳು. ನಿಮಗೆ ಬರೆಯುವುದೆಲ್ಲ ಎಡಗೈಯಲ್ಲಿ. ಒಂದು ಕಾಗದಕ್ಕೆ ಎರಡು ದಿನ ತೆಗೆದುಕೊಳ್ಳುತ್ತಾನೆ. ಅವನ ಬಾಚಣಿಗೆಯ ಚಿತ್ರ ನೋಡಿ ನಾವು ನಗುತ್ತೇವೆ, ಅವನೂ ನಗುತ್ತಾನೆ, ಆಮೇಲೆ ಅಂಗಡಿ ಹಿಂದೆ ಹೋಗಿ ಕೂತುಬಿಡುತ್ತಾನೆ.

ಆ ಮೂರು ಬೆರಳು ಹೋದದ್ದು ಜನವರಿ ಇಪ್ಪತ್ತೇಳಕ್ಕೆ, ನಿಮ್ಮ ಹೋಟೆಲಿನ ಮುಂದೆ, ನಿಮ್ಮ ಬೋರ್ಡಿಗೆ ಒರಗಿಸಿದ ಏಣಿಯ ಮೇಲೆ. ನಾನು ನನ್ನ ಕಿಟಕಿಯಿಂದ ನೋಡಿದೆ. ಕಾಲುವೆಗೆ ಬಿದ್ದವನ ಮೇಲೆ ಬಟ್ಟೆಯ ಮೂಟೆ ಎಸೆದು ಮುಚ್ಚಿದವಳು ನಾನು. ಉಳಿದದ್ದನ್ನು ಹೇಳು ಎಂದು ಅವನಿಗೇ ಗಂಟು ಬಿದ್ದಿದ್ದೇನೆ. "ಹೇಳಿದ್ರೆ ಆಯಮ್ಮ ಬದುಕಲ್ಲ ಕಣೇ" ಎನ್ನುತ್ತಾನೆ. ನಾನು ಹೇಳಿದೆ, "ಹೇಳದಿದ್ರೆ ನೀನು ಬದುಕಲ್ವಲ್ಲೋ."

ಬರೆಯುತ್ತಾನೆ. ಕೂತಿದ್ದಾನೆ.

ಮೊರಾ


ಮ್ಕುಯು ಬೀದಿ
12 ಜೂನ್ 2008

ಚೇರ್‌ಲೇಡಿ,

ಮೊರಾ ಹೇಳಿಬಿಟ್ಟಳಂತೆ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಅವತ್ತು ಭಾನುವಾರ. ಚರ್ಚು ಬಿಟ್ಟ ಹೊತ್ತು. ಸೇಡಿಗೆ ಬರುತ್ತಿದ್ದಾರೆ ಎಂದು ಬೆಳಗ್ಗೆಯಿಂದಲೇ ಗುಸುಗುಸು ಇತ್ತು. ಎರಡು ಲಾರಿಗಳಲ್ಲಿ ಬಂದರು, ಬೇರೆ ಊರಿನವರು, ಒಂದು ಮುಖವೂ ನಮಗೆ ಪರಿಚಯವಿಲ್ಲ. ಹಾಡುತ್ತ ಬಂದರು. ಚೇರ್‌ಲೇಡಿ, ಅವರು ಹಾಡುತ್ತಿದ್ದದ್ದು ನಿಮ್ಮ ಭಾಷೆಯಲ್ಲಿ.

ಈ ಸಲ ಅವರು ಓದಿದ್ದು ನಮ್ಮ ಹೆಸರುಗಳನ್ನು. ಅದೇ ಬೋರ್ಡುಗಳು, ಅದೇ ನನ್ನ ಅಕ್ಷರ. ಚಪ್ಪಲಿ ಹೊಲಿಯುವ ಓಮೋಲೋನನ್ನು ಅತ್ತಿಮರದ ಬುಡಕ್ಕೆ ಎಳೆದು ತಂದು ಕಡಿದರು. ಮೂರು ಏಟಿನವರೆಗೆ ಅವನು ಹೆಂಡತಿಯ ಹೆಸರು ಕೂಗುತ್ತಿದ್ದ. ಆಮೇಲೆ ನಿಮ್ಮ ಹೋಟೆಲಿನ ಮುಂದೆ ನಿಂತರು. ಓದಿದರು. ಅಡೋಯೋ.

ಅದು ನನ್ನ ತಾಯಿಯ ಹೆಸರು. ಡಿಸೆಂಬರಿನಲ್ಲಿ ಏಣಿಯ ಮೇಲೆ ನಿಂತಾಗ ಬೇರೆ ಯಾವ ಹೆಸರೂ ನೆನಪಿಗೆ ಬರಲಿಲ್ಲ, ಅದನ್ನೇ ಬರೆದಿದ್ದೆ.

"ಹೊರಗ್ ಬಾರೋ ಅಡೋಯೋ ಮಗನೇ!"

ಮಥೆಂಗೆ ಒಳಗಿನಿಂದ ಕೂಗಿದ. "ಅಣ್ಣಂದಿರಾ, ನಾನು ನಿಮ್ಮೋನೇ ಕಣ್ರೋ! ಮಥೆಂಗೆ! ಗಿಥಾಯಿಗಾ ಮಗ! ಓಥಾಯಾದೋನು!" ನಿಮ್ಮ ಭಾಷೆಯಲ್ಲೇ ಕೂಗಿದ. ನನಗೆ ಅಷ್ಟು ಅರ್ಥವಾಗುತ್ತದೆ.

ಅವರು ನಕ್ಕರು. "ನಮ್ಮ ಭಾಷೆ ಕಲ್ತ್‌ಬಿಟ್ರೆ ನಮ್ಮೋನಾಗ್ಬಿಡ್ತೀಯಾ? ನಮಗೆ ಓದೋಕ್ ಬರಲ್ವಾ? ಗುರುತಿನ ಚೀಟಿ ಎಸಿ ಕಿಟಕಿಯಿಂದ, ನೋಡೋಣ!"

ಅವನು ಏನೋ ಹೇಳಿದ. ಗಲಾಟೆಯಲ್ಲಿ ನನಗೆ ಕೇಳಿಸಲಿಲ್ಲ. ಚೀಟಿ ಹೊರಗೆ ಬರಲಿಲ್ಲ. ಅವರು ಬಾಗಿಲಿಗೆ ಹೊರಗಿನಿಂದ ಬೆಂಚು ಅಡ್ಡ ಕೊಟ್ಟು ಪೆಟ್ರೋಲು ಸುರಿದರು.

ನಾನು ಆಗ ಏಣಿ ಹೊತ್ತು ಓಡಿದೆ. "ಬೋರ್ಡು ತಿರುಗ್ಸಿ ನೋಡ್ರಪ್ಪಾ! ಹಿಂದೆ ಇನ್ನೊಂದು ಹೆಸರೈತೆ! ಇದು ಸುಳ್ಳು ಹೆಸರು, ನಾನೇ ಬರ್ದಿದ್ದು!" ಎಂದು ಕೂಗುತ್ತ ಹತ್ತಿದೆ. ನಾಲ್ಕು ಸ್ಕ್ರೂ. ಮೂರು ಬಿಚ್ಚಿದೆ. ಒಂದೇ ಬಾಕಿ ಇತ್ತು. ಸ್ಕ್ರೂ ಬಿಚ್ಚುತ್ತಿದ್ದ ಬಲಗೈ ಮೇಲೆ ಮಚ್ಚು ಬಿತ್ತು. ಬೆರಳು ಹೋದದ್ದು ಗೊತ್ತಾಗಲಿಲ್ಲ, ಸ್ಕ್ರೂ ತಿರುಗಿಸಲು ಯಾಕೆ ಆಗುತ್ತಿಲ್ಲ ಎಂದು ನೋಡಿದಾಗ ಗೊತ್ತಾಯಿತು. ಏಣಿ ಎಳೆದರು. ಕಾಲುವೆಗೆ ಬಿದ್ದೆ. ಬಟ್ಟೆಯ ಮೂಟೆಯ ಕೆಳಗೆ ಮಲಗಿ ಅವನ ಕೂಗು ಕೇಳಿದೆ. ಬೇಗ ನಿಂತಿತು ಎಂದು ಬರೆಯಬೇಕೆಂದಿದ್ದೆ. ಬೇಗ ನಿಲ್ಲಲಿಲ್ಲ.

ಇಷ್ಟೇ ಆಗಿದ್ದರೆ ಏಪ್ರಿಲಿನಲ್ಲೇ ಬರೆಯುತ್ತಿದ್ದೆ. ಇನ್ನೊಂದಿದೆ. ಅವತ್ತು ಬೆಳಗ್ಗೆ ಗುಸುಗುಸು ಕೇಳಿದ ಕೂಡಲೇ ನನ್ನ ಅಂಗಡಿಯ ಬೋರ್ಡನ್ನು ನಾನು ಇಳಿಸಿ ಮಂಚದ ಕೆಳಗೆ ತಳ್ಳಿದ್ದೆ. ಸಾಕಷ್ಟು ಹೊತ್ತಿತ್ತು. ಏಣಿ ಕೈಯಲ್ಲೇ ಇತ್ತು. ನಿಮ್ಮದು ಇಪ್ಪತ್ತು ಹೆಜ್ಜೆ. ನನ್ನ ಜೀವ ನೆನಪಾಯಿತು, ನಿಮ್ಮ ತಮ್ಮನದು ನೆನಪಾಗಲಿಲ್ಲ. ಹಿಂದಿನ ರಾತ್ರಿ ಅವನಿಗೆ ಊಟ ಕೊಟ್ಟು ಬಂದವನು ನಾನೇ, ಆದರೂ ನೆನಪಾಗಲಿಲ್ಲ. ಮಧ್ಯಾಹ್ನ ಏಣಿ ಹೊತ್ತು ಓಡಿದ್ದನ್ನು ಮೊರಾ ದೊಡ್ಡದು ಮಾಡಿ ಹೇಳಿರುತ್ತಾಳೆ. ಬೆಳಗ್ಗೆ ಓಡಲಿಲ್ಲ ಎನ್ನುವುದು ಅವಳಿಗೂ ಗೊತ್ತಿಲ್ಲ.

ನಿಮ್ಮ ಅಣ್ಣನ ಮಕ್ಕಳನ್ನು ಕಳಿಸಿ. ಗುರುತು ಸರಿಯಾಗಿಯೇ ಹೇಳಿದ್ದೀರಿ, ಎಡಕ್ಕೆ ಮೂರನೆಯದು. ಒಂದು ಬೇಡಿಕೆ. ಸೀಲನ್ನು ಅವರ ಕೈಯಲ್ಲೇ ಕೊಟ್ಟು ಕಳಿಸಿ, ನನ್ನ ಕೆಲಸ ಮುಗಿಸಿದ ಮೇಲೆ ಎದುರಂಗಡಿ ಮೊರಾಗೆ ಕೊಟ್ಟು ಹೋಗಲಿ. ನನ್ನ ಜೊತೆ ಬೀದಿ ಸಾಯುವುದು ಬೇಡ. ಹದಿನೇಳು ಅಂಗಡಿ ತೆರೆದಿವೆ.

ನಿಮ್ಮ ಬೋರ್ಡು ಬೆಂಕಿಯಲ್ಲಿ ಸುಟ್ಟಿಲ್ಲ, ತಗಡಲ್ಲವೇ. ಕಪ್ಪಾಗಿದೆ. ನನ್ನ ಹತ್ತಿರ ಇದೆ.

ಓಯೂಗಿ


ಓಥಾಯಾ
6 ಜುಲೈ 2008

ಫುಂಡಿ,

ಹೀಗೆ ಕರೆದು ಎಷ್ಟು ತಿಂಗಳಾಯಿತು. ಕುಶಲಕರ್ಮಿ ಎಂದು ಬಾಯಿ ತುಂಬ ಕರೆಯುತ್ತಿದ್ದೆ. ಕರೆಯಬಾರದು ಎಂದುಕೊಂಡಿದ್ದೆ, ಬೇರೆ ಹೆಸರು ಪೆನ್ನಿಗೆ ಬರಲಿಲ್ಲ.

ನಿನ್ನ ಕಾಗದ ಬಂದದ್ದು ಹದಿನೆಂಟಕ್ಕೆ. ಗಿಚೂಕಿಯನ್ನು ಅಂಗಳದಲ್ಲಿ ಕೂರಿಸಿ ಓದಿ ಹೇಳಿದೆ. ಎರಡು ಲಾರಿ ಎನ್ನುವಲ್ಲಿ ಮಚ್ಚು ಮಸೆಯುವುದನ್ನು ನಿಲ್ಲಿಸಿದ. ಅಡೋಯೋ ಎಂಬ ಹೆಸರು ಓದಿದಾಗ ತಲೆ ಎತ್ತಿ ನನ್ನನ್ನು ನೋಡಿದ. ಬಾಗಿಲಿಗೆ ಬೆಂಚು ಅಡ್ಡ ಕೊಟ್ಟರು ಎನ್ನುವಲ್ಲಿ ಎದ್ದು ಹೋಗಿ ಕೊಟ್ಟಿಗೆಯ ಹಿಂದೆ ವಾಂತಿ ಮಾಡಿಕೊಂಡ. ಜನವರಿಯಲ್ಲಿ ಆ ಲಾರಿ ಯಾವ ಊರಿಗೆ ಹೋಗಿತ್ತು ಎಂದು ನಾನು ಅವನನ್ನು ಕೇಳಿಲ್ಲ. ಕೇಳುವುದೂ ಇಲ್ಲ. ಮೊಮ್ಮಗಳನ್ನು ಬಿಟ್ಟರೆ ನನಗಿರುವವರು ಇನ್ನು ಅಣ್ಣನ ಮಕ್ಕಳಿಬ್ಬರೇ. ಮಚ್ಚು ಕಲ್ಲಿನ ಹತ್ತಿರವೇ ಬಿದ್ದಿದೆ, ಮೂರು ವಾರದ ಮಳೆಗೆ ತುಕ್ಕು ಹಿಡಿಯುತ್ತಿದೆ. ಅವನು ಅದನ್ನು ದಾಟುವಾಗ ಸುತ್ತಿ ಬಳಸಿ ಹೋಗುತ್ತಾನೆ.

ಈಗ ನನ್ನದು ಕೇಳು.

ಮಥೆಂಗೆ ಏನು ಹೇಳಿದನೋ ಕೇಳಿಸಲಿಲ್ಲ ಎಂದು ಬರೆದಿದ್ದೀಯ. ನಿನ್ನ ಕಾಗದದಲ್ಲಿ ಸುಳ್ಳು ಅದೊಂದೇ. ನಿನಗೆ ಕೇಳಿಸಿದೆ. ಅವನು "ಚೀಟಿ ಅಕ್ಕನ ಹತ್ರ ಐತೆ" ಎಂದಿರುತ್ತಾನೆ.

ಲಾರಿ ಹತ್ತುವ ಬೆಳಗ್ಗೆ ನಾನೇ ಅವನ ಜೇಬಿನಿಂದ ಕಿತ್ತುಕೊಂಡೆ. "ನಿನ್ನ ಹೆಸರು ಮೈಮೇಲೆ ಇಟ್ಕೊಂಡು ತಿರುಗ್ತೀಯೇನೋ ಪೆದ್ದೇ? ಲೂವೋಗಳು ತಡೆದು ನೋಡಿದ್ರೆ?" ಎಂದೆ. ಅವನು ಕೊಡಲು ಒಲ್ಲೆ ಎಂದ. ಕೆನ್ನೆಗೆ ಹೊಡೆದೆ. ನಲವತ್ತೊಂದು ವರ್ಷದ ಗಂಡಸಿನ ಕೆನ್ನೆಗೆ. ಕೊಟ್ಟ. ಸಂಘದ ಸೀಲಿನ ಜೊತೆ ಅದೇ ಕರವಸ್ತ್ರದಲ್ಲಿ ಸುತ್ತಿ ಎದೆಯಲ್ಲಿ ಇಟ್ಟುಕೊಂಡೆ. ನೀನು ಸೀಲು ಕೇಳಿದಾಗಲೆಲ್ಲ ಆ ಗಂಟು ಬಿಚ್ಚಬೇಕಾಗುತ್ತಿತ್ತು. ಅದಕ್ಕೇ ಕಳಿಸಲಿಲ್ಲ. ನಿನ್ನ ಮೇಲಿನ ಸಿಟ್ಟು ಆಮೇಲಿನ ಮಾತು.

ನೀನು ಸುಳ್ಳು ಹೆಸರು ಕೊಟ್ಟೆ, ನಾನು ನಿಜವಾದ ಹೆಸರು ಕಿತ್ತುಕೊಂಡೆ. ಅವನು ಹೆಸರೇ ಇಲ್ಲದೆ ಸತ್ತ. ಬೆಳಗ್ಗೆ ನೀನು ಓಡಲಿಲ್ಲ ಎಂಬುದನ್ನು ಕ್ಷಮಿಸಿದೆ ಎಂದು ಬರೆಯುವುದಿಲ್ಲ. ನನ್ನನ್ನೂ ಕ್ಷಮಿಸಿಕೊಂಡಿಲ್ಲ. ಅದು ಹಾಗೇ ಇರಲಿ, ಇಬ್ಬರೂ ಒಂದೇ ಬೀದಿಯಲ್ಲಿ ಕೂತು ಹೊರೋಣ.

ಕಂಡಕ್ಟರ್ ಹತ್ತಿರ ಕರವಸ್ತ್ರದ ಗಂಟು ಕಳಿಸಿದ್ದೇನೆ. ಸೀಲಿದೆ. ಪುರಸಭೆಯ ಕಾಗದ ಬರೆದು ಇಟ್ಟಿರು, ಹತ್ತೊಂಬತ್ತನೆಯ ತಾರೀಖು ಶನಿವಾರ ನಾನು ಬಂದು ರುಜು ಹಾಕುತ್ತೇನೆ. ಸೋಮವಾರದ ಸರದಿ ನನಗೆ ಬರೆದುಕೋ. ಒಲೆ ಇಲ್ಲದಿದ್ದರೆ ಮೂರು ಕಲ್ಲಾದರೂ ಇವೆಯಲ್ಲ, ಮೆಕ್ಕೆಜೋಳದ ಉಗಾಲಿ ಮುದ್ದೆ ಮತ್ತು ಸೊಪ್ಪು ಮಾಡುತ್ತೇನೆ. ಎಲ್ಲರೂ ಬಂದು ತಿನ್ನಬೇಕು. ಹಸಿವಿಲ್ಲ ಎಂದವನ ಅಂಗಡಿಯ ಸರದಿಗೆ ನಾನೂ ಹೋಗುವುದಿಲ್ಲ.

ಗಂಟಿನಲ್ಲಿ ಮಥೆಂಗೆಯ ಗುರುತಿನ ಚೀಟಿಯೂ ಇದೆ. ಬೀದಿಗೆಲ್ಲ ಚಿತ್ರದ ಬೋರ್ಡು ಎಂದು ತೀರ್ಮಾನ ಮಾಡಿದ್ದೀರಿ, ಒಳ್ಳೆಯದು. ನನ್ನ ಹೋಟೆಲಿಗೆ ಮಾತ್ರ ಹೆಸರು ಬೇಕು, ಇದು ಅಧ್ಯಕ್ಷರ ಆಜ್ಞೆ. ಸುಟ್ಟ ಆ ತಗಡನ್ನೇ ಉಜ್ಜು, ನೀಲಿ ಬಳಿ. ಚೀಟಿ ಮುಂದಿಟ್ಟುಕೊಂಡು ಅವನ ಹೆಸರನ್ನು ಅದರಲ್ಲಿರುವ ಹಾಗೆ ಪೂರ್ತಿ ಬರೆ. ಎಡಗೈಯಲ್ಲೇ ಬರೆ. ಸೊಟ್ಟಗಾದರೆ ಆಗಲಿ.

ಅದರ ಕೆಳಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, ನಿನ್ನ ತಾಯಿಯ ಹೆಸರು ಬರೆ. ಇಪ್ಪತ್ತೇಳು ದಿನ ಅವಳು ನನ್ನ ಬಾಗಿಲು ಕಾದಿದ್ದಾಳೆ. ಈ ಸಲ ಒಂದನ್ನು ಮುಂದೆ, ಒಂದನ್ನು ಹಿಂದೆ ಬರೆಯಬೇಡ. ಎರಡೂ ಒಂದೇ ಮೈಮೇಲೆ ಇರಲಿ. ಮುಂದಿನ ಸಲ ಯಾರು ಓದಲು ಬಂದರೂ ಎರಡನ್ನೂ ಓದಲಿ.

ವಾಮುಯು ಗಿಥಾಯಿಗಾ
ಅಧ್ಯಕ್ಷೆ, ಮ್ಕುಯು ಬೀದಿ ವರ್ತಕರ ಸಂಘ